ಗಾಜಿನ ತೊಟ್ಟಿಯಲ್ಲಿ ಕಡಲು

ಹವಳ: ಪದವೂ ಪ್ರಾಣಿಯೂ

ನವರತ್ನಗಳಲ್ಲಿ ಹವಳಕ್ಕೂ ಒಂದು ಸ್ಥಾನವುಂಟು. ಸಂಸ್ಕೃತದಲ್ಲಿ ಅದಕ್ಕೆ ವಿದ್ರುಮ, ಪ್ರವಾಳ ಎಂಬ ಹೆಸರುಗಳಿವೆ. ಅಮರಕೋಶವು ಎರಡನ್ನೂ ಹೇಳುತ್ತದೆ. ಹಳಗನ್ನಡದ ‘ಪವಳ’ವೇ ಹೊಸಗನ್ನಡದ ‘ಹವಳ’. ಪಾಲ್ ಎಂಬುದು ಹಾಲಾದಂತೆ, ಪೂ ಎಂಬುದು ಹೂವಾದಂತೆ, ಪದದ ಮೊದಲಿನ ಪಕಾರವು ಹಕಾರವಾದುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಪೂರ್ವಿಕರು ಇದನ್ನು ಮಣಿಯೆಂದು ಧರಿಸಿದರು. ಆದರೆ ‘ವಿದ್ರುಮ’ ಎಂಬ ಮಾತಿನಲ್ಲಿ ಮರವೆಂಬ ಅರ್ಥದ ‘ದ್ರುಮ’ವೂ ಅಡಗಿದೆ. ಮಣಿಯೋ ಮರವೋ ಎಂಬ ಈ ಸಂದೇಹವು ಬಹುಕಾಲ ಪಾಶ್ಚಾತ್ಯರನ್ನೂ ಬಿಡಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯನಾದ ಪೈಸೊನೆಲ್ ಎಂಬವನು ಹವಳವು ಪ್ರಾಣಿಯೆಂದು ಹೇಳಿದಾಗ ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ಇಂದು ಅದು ನಿರ್ವಿವಾದವಾದ ಸಂಗತಿ.

ಹಾರಕ್ಕೆ ಪೋಣಿಸುವ ಕೆಂಪು ಹವಳವೇ ಬೇರೆ, ಕಡಲಿನಲ್ಲಿ ದಿಬ್ಬ ಕಟ್ಟುವ ಹವಳವೇ ಬೇರೆ. ಈ ಎರಡನೆಯದು ಉಷ್ಣವಲಯದ ಆಳವಿಲ್ಲದ ತಿಳಿನೀರಿನಲ್ಲಿ ಬಾಳುತ್ತದೆ. ಲಕ್ಷದ್ವೀಪದ ದ್ವೀಪಗಳು ನಿಂತಿರುವುದೇ ಹವಳದ ಮೇಲೆ. ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ತಲುಪುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಪ್ರತಿಯೊಂದು ಹವಳಜೀವಿಯೂ ಒಂದು ಪುಟ್ಟ ಹೂವಿನಂತೆ ತೋರುವ ಮೃದುದೇಹಿ. ಅದು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಕೆಳಗೆ ಕಲ್ಲಿನ ಗೂಡನ್ನು ಕಟ್ಟಿಕೊಳ್ಳುತ್ತದೆ. ಅದರ ದೇಹದೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ವಾಸಿಸಿ, ಬಿಸಿಲಿನಿಂದ ಆಹಾರವನ್ನು ಸಿದ್ಧಪಡಿಸಿ ಆಶ್ರಯದಾತನಿಗೆ ಹಂಚುತ್ತವೆ. ಹವಳದ ಬಣ್ಣಕ್ಕೂ ಬಾಳಿಗೂ ಈ ಸ್ನೇಹವೇ ಆಧಾರ.

ಇಂತಹ ಜೀವಿಯನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸವೊಂದು ಲೋಕದಲ್ಲಿ ಬೆಳೆದಿದೆ. ಸಮುದ್ರಮಟ್ಟದಿಂದ ಸುಮಾರು ೭೭೦ ಮೀಟರ್ ಎತ್ತರದಲ್ಲಿ, ಕಡಲಿನಿಂದ ಬಹುದೂರದಲ್ಲಿರುವ ಮೈಸೂರಿನಂತಹ ನಗರದಲ್ಲಿ ಇದು ಹೇಗೆ ಸಾಧ್ಯ, ಇದಕ್ಕೆ ಬೇಕಾದ ನೀರನ್ನು ಹೇಗೆ ಕಾಪಾಡಬೇಕು ಎಂಬುದು ಈ ಪಾಠದ ವಿಷಯ.

ಅಧಿಕಾರಿ ಯಾರು?

ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನಗಳೊಡನೆ ಅಧಿಕಾರಿ ಯಾರೆಂಬುದನ್ನೂ ಹೇಳುವುದು ಸಂಪ್ರದಾಯ. ಇಲ್ಲಿಯೂ ಅದನ್ನು ಮೊದಲು ಹೇಳತಕ್ಕದ್ದು. ದಿಬ್ಬ ಕಟ್ಟುವ ಎಲ್ಲ ಹವಳಗಳೂ ಸಮುದ್ರಬೀಸಣಿಗೆ ಮೊದಲಾದವೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಸೇರಿದವು. ಆನೆಗೂ ಹುಲಿಗೂ ಉಳ್ಳ ರಕ್ಷೆಯೇ ಹವಳಕ್ಕೂ ದೊರೆತಿದೆ. ಆದುದರಿಂದ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಒಂದು ತುಣುಕನ್ನು ಮುರಿದು ತರುವುದೂ ಅಪರಾಧ. ಹೊರದೇಶದ ಕಲ್ಲುಹವಳಗಳ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡುಗಳಿವೆ. ಅನುಮತಿಪತ್ರಗಳಿಲ್ಲದೆ ಮಾರುವವನಿಂದ ಕೊಳ್ಳುವವನು ಕಡಲಿನ ಕಳವಿನಲ್ಲಿ ಪಾಲುದಾರನಾಗುತ್ತಾನೆ. ಈ ವಿಷಯದಲ್ಲಿ ಎಳ್ಳಷ್ಟು ಸಂದೇಹವಿದ್ದರೂ ಹವಳವನ್ನು ಬಿಟ್ಟು, ಒಣಕಲ್ಲುಗಳ ನಡುವೆ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕಡಲಮೀನುಗಳನ್ನು ಸಾಕುವುದು ಯೋಗ್ಯ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನು ಮರಿಕೇಂದ್ರದಲ್ಲಿ ಬೆಳೆಸುವ ವಿಧಾನವನ್ನು ರೂಪಿಸಿದ್ದಾರೆ. ಸಾಕುವುದು ಯಾವುದೇ ಆಗಲಿ, ನೀರಿನ ನಿಯಮಗಳು ಬಹುಮಟ್ಟಿಗೆ ಒಂದೇ.

ಅಧಿಕಾರಿಯ ಎರಡನೆಯ ಲಕ್ಷಣ ನಿತ್ಯಜಾಗರೂಕತೆ. ಇಂಗ್ಲೆಂಡಿನಲ್ಲಿ ಅನ್ನಾ ಥಿನ್ ಎಂಬ ಗೃಹಿಣಿ ೧೮೪೬ರಲ್ಲಿ ಟಾರ್ಕೀ ತೀರದಿಂದ ಹವಳಗಳನ್ನು ಲಂಡನ್ನಿಗೆ ತಂದು ಮನೆಯಲ್ಲಿ ಸಾಕಿದಳು. ವಿದ್ಯುತ್ತು ಯಂತ್ರಗಳಿಲ್ಲದ ಆ ದಿನಗಳಲ್ಲಿ ನೀರಿಗೆ ಗಾಳಿ ಬೆರೆಯಲೆಂದು ಮನೆಯ ಸೇವಕಿಯಿಂದ ಪ್ರತಿದಿನವೂ ಪಾತ್ರೆಯಿಂದ ಪಾತ್ರೆಗೆ ನೀರನ್ನು ಎತ್ತಿ ಹೊಯ್ಯಿಸುತ್ತಿದ್ದಳು. ಬಿಸಿ ಕಾಫಿಯನ್ನು ಆರಿಸುವವರ ಕೈಚಳಕವೇ ಅಲ್ಲಿ ಜೀವರಕ್ಷೆಯ ಉಪಾಯವಾಯಿತು. ಇಂದು ಆ ಕೆಲಸವನ್ನು ಪಂಪುಗಳು ಮಾಡುತ್ತವೆ. ಆದರೆ ಪ್ರತಿದಿನವೂ ತಪ್ಪದೆ ನೋಡುವ ಕಣ್ಣಿಗೆ ಬದಲಿಯಾಗಿ ಯಾವ ಯಂತ್ರವೂ ಬಂದಿಲ್ಲ.

ನೀರನ್ನು ಸಿದ್ಧಪಡಿಸುವ ಕ್ರಮ

ಮಂಗಳೂರಿನಿಂದ ಕಡಲ ನೀರನ್ನು ಡಬ್ಬಗಳಲ್ಲಿ ತುಂಬಿ ತಂದರಾಗದೆ? ಎಂದು ವಿದ್ಯಾರ್ಥಿಗಳು ಕೇಳಬಹುದು. ತೀರದ ನೀರಿಗೆ ನೇತ್ರಾವತಿಯೂ ಗುರುಪುರ ನದಿಯೂ ಬಂದು ಸೇರುತ್ತವೆ. ಮಳೆಗಾಲದಲ್ಲಿ ಅಲ್ಲಿನ ಉಪ್ಪು ತೆಳುವಾಗುತ್ತದೆ. ಊರಿನ ಕಶ್ಮಲವೂ ಬೆರೆತಿರಬಹುದು. ಆದುದರಿಂದ ಸಿಹಿನೀರಿಗೆ ಸಮುದ್ರಲವಣವನ್ನು ಬೆರೆಸಿ ಕಡಲನ್ನು ಮನೆಯಲ್ಲಿಯೇ ರಚಿಸುವುದು ಕ್ಷೇಮ.

ಆ ಸಿಹಿನೀರಾದರೂ ಶುದ್ಧವಾಗಿರಬೇಕು. ಮೈಸೂರಿನ ನಲ್ಲಿಗಳಲ್ಲಿ ಬರುವುದು ಮುಖ್ಯವಾಗಿ ಕಾವೇರಿಯ ಮತ್ತು ಕಬಿನಿಯ ನೀರು. ಅದನ್ನು ಕುಡಿಯುವವರ ಹಿತಕ್ಕಾಗಿ ಕ್ಲೋರಿನ್ ಬೆರೆಸಿ ಶುದ್ಧಿಗೊಳಿಸುತ್ತಾರೆ. ಮನುಷ್ಯನಿಗೆ ಹಿತವಾದ ಆ ಕ್ಲೋರಿನ್ ಹವಳಕ್ಕೂ ಮೀನಿಗೂ ವಿಷ. ಕೊಳವೆಬಾವಿಯ ನೀರಾದರೆ ಗಡಸು. ಅದರಲ್ಲಿ ನೈಟ್ರೇಟೂ ಇರಬಹುದು. ತಾಮ್ರದ ಲೇಶವಿದ್ದರೂ ಬೆನ್ನೆಲುಬಿಲ್ಲದ ಕಡಲಜೀವಿಗಳು ಸಾಯುತ್ತವೆ. ತಾಮ್ರದ ಬಿಂದಿಗೆಯ ನೀರು ಮನೆಮಂದಿಗೆ ಇರಲಿ, ತೊಟ್ಟಿಗೆ ಬೇಡ. ಆದುದರಿಂದ ನೀರನ್ನು ಆರ್.ಓ. ಯಂತ್ರದಲ್ಲಿ ಹಾಯಿಸಿ, ಉಳಿದ ಲವಣಗಳನ್ನೂ ತೆಗೆದು ಬಳಸಬೇಕು.

ಅಡುಗೆಯ ಉಪ್ಪನ್ನು ಬೆರೆಸಿದ ಮಾತ್ರಕ್ಕೆ ಕಡಲಾಗದು. ೧೮೭೨ರಿಂದ ೧೮೭೬ರವರೆಗೆ ‘ಚಾಲೆಂಜರ್’ ಎಂಬ ಹಡಗು ಲೋಕದ ಸಾಗರಗಳನ್ನು ಸುತ್ತಿ ನೀರನ್ನು ಸಂಗ್ರಹಿಸಿತು. ಅದರಲ್ಲಿ ೭೭ ಮಾದರಿಗಳನ್ನು ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞನು ಪರೀಕ್ಷಿಸಿದನು. ಉಪ್ಪಿನ ಒಟ್ಟು ಪ್ರಮಾಣವು ಸ್ಥಳದಿಂದ ಸ್ಥಳಕ್ಕೆ ಬದಲಾದರೂ ಮುಖ್ಯ ಲವಣಾಂಶಗಳ ಪರಸ್ಪರ ಅನುಪಾತವು ಎಲ್ಲೆಡೆಯೂ ಬಹುತೇಕ ಒಂದೇ ಎಂಬ ಸತ್ಯವು ಅವನ ಪರೀಕ್ಷೆಯಿಂದ ದೃಢಪಟ್ಟಿತು. ಆ ಲವಣಗಳಲ್ಲಿ ಕ್ಲೋರೈಡು ಶೇಕಡಾ ೫೫, ಸೋಡಿಯಂ ಸುಮಾರು ೩೧, ಸಲ್ಫೇಟು ಸುಮಾರು ೮, ಮೆಗ್ನೀಸಿಯಂ ಸುಮಾರು ೪. ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ಒಂದೊಂದಕ್ಕಿಂತ ಸ್ವಲ್ಪ ಹೆಚ್ಚು. ಈ ಅನುಪಾತವನ್ನು ಅನುಸರಿಸಿ ತಯಾರಿಸಿದ ಸಮುದ್ರಲವಣವೇ ಬೇಕು. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣವಿರುವಂತೆ ಬೇರೊಂದು ಪಾತ್ರೆಯಲ್ಲಿ ಬೆರೆಸಿ, ಒಂದು ದಿನ ಕಲಕಿ, ಅಳತೆ ನೋಡಿದ ಮೇಲೆಯೇ ತೊಟ್ಟಿಗೆ ಹೊಯ್ಯಬೇಕು.

ಆವಿಯ ಲೆಕ್ಕ

ತೊಟ್ಟಿಯ ನೀರನ್ನು ಕೆಡಿಸುವ ಕಾರಣಗಳಲ್ಲಿ ಮೊದಲನೆಯದು ಅತ್ಯಂತ ಸಾಮಾನ್ಯವಾದುದು: ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಉದಾಹರಣೆಗೆ ಮೈಸೂರಿನ ಒಂದು ಮನೆಯಲ್ಲಿ ೧೦೦ ಲೀಟರಿನ ತೊಟ್ಟಿಯಿದೆಯೆಂದು ಇಟ್ಟುಕೊಳ್ಳಬಹುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಬೀಸಣಿಗೆಯ ಗಾಳಿಯಲ್ಲಿ ದಿನಕ್ಕೆ ಎರಡು ಲೀಟರ್ ಆವಿಯಾಯಿತು. ಮನೆಯವರು ಐದು ದಿನ ಊರಿಗೆ ಹೋದರು. ಮರಳಿ ಬರುವಷ್ಟರಲ್ಲಿ ೯೦ ಲೀಟರ್ ನೀರಿದೆ. ಉಪ್ಪು ಮಾತ್ರ ಮೊದಲಿನಷ್ಟೇ ಇದೆ. ೩೫ ಇದ್ದ ಲವಣಾಂಶ ಸುಮಾರು ೩೯ ಆಯಿತು. ಗಾಬರಿಗೊಂಡ ಯಜಮಾನರು ಹತ್ತು ಲೀಟರ್ ಸಿಹಿನೀರನ್ನು ಒಮ್ಮೆಲೇ ಹೊಯ್ದರೆ ಅಳತೆ ಸರಿಹೋಗುತ್ತದೆ, ನಿಜ. ಆದರೆ ಐದು ದಿನಗಳಲ್ಲಿ ಮೆಲ್ಲಮೆಲ್ಲನೆ ಏರಿದ ಉಪ್ಪು ಐದು ನಿಮಿಷದಲ್ಲಿ ಇಳಿಯುತ್ತದೆ. ಜೀವಿಯ ದೇಹಕ್ಕೆ ಏರಿಕೆಯೂ ಪೆಟ್ಟು, ಇಳಿಕೆಯೂ ಪೆಟ್ಟು. ಅಳತೆಯನ್ನು ಸರಿಪಡಿಸುವ ಭರದಲ್ಲಿ ಜೀವವನ್ನು ಕಳೆಯುವುದೆಂದರೆ ಇದೇ.

ಆವಿಯಾದುದಕ್ಕೆ ಪ್ರತಿಯಾಗಿ ಸೇರಿಸಬೇಕಾದದ್ದು ಸಿಹಿನೀರು, ಉಪ್ಪುನೀರಲ್ಲ. ಅದನ್ನು ದಿನದಿನವೂ, ಸಾಧ್ಯವಾದರೆ ಹನಿಹನಿಯಾಗಿ ಸೇರಿಸಬೇಕು. ತೊಟ್ಟಿಯ ಗಾಜಿನ ಮೇಲೆ ಒಂದು ಗೆರೆಯೆಳೆದು, ನೀರು ಆ ಗೆರೆಯಿಂದ ಇಳಿಯದಂತೆ ನೋಡಿಕೊಳ್ಳುವುದೇ ಎಲ್ಲ ನಿಯಮಗಳಿಗೂ ತಳಹದಿ.

ಸುಣ್ಣದ ಆಯವ್ಯಯ

ಹವಳವು ಗೂಡು ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಕ್ಯಾಲ್ಸಿಯಂ ಒಂದು ಕಡೆ, ಕಾರ್ಬೊನೇಟನ್ನು ಒದಗಿಸುವ ಕ್ಷಾರೀಯತೆ ಇನ್ನೊಂದು ಕಡೆ; ಈ ಎರಡೂ ನೀರಿನಿಂದ ದಿನವೂ ಖರ್ಚಾಗುತ್ತವೆ. ಸಹಜವಾದ ಕಡಲಿನಲ್ಲಿ ಲೀಟರಿಗೆ ಸುಮಾರು ೪೧೦ ಮಿಲಿಗ್ರಾಂ ಕ್ಯಾಲ್ಸಿಯಂ, ಸುಮಾರು ೧೩೦೦ ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತವೆ. ಕ್ಷಾರೀಯತೆಯು ಜರ್ಮನ್ ಮಾನದಲ್ಲಿ ಸುಮಾರು ೭ ಡಿಗ್ರಿ. ತೊಟ್ಟಿಯಲ್ಲಿ ಕ್ಯಾಲ್ಸಿಯಂ ೪೦೦ರಿಂದ ೪೫೦, ಮೆಗ್ನೀಸಿಯಂ ೧೨೫೦ರಿಂದ ೧೩೫೦, ಕ್ಷಾರೀಯತೆ ೭ರಿಂದ ೯ ಇದ್ದರೆ ಸಾಕು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಗೂಡು ಕಟ್ಟುವಾಗ ಕ್ಷಾರೀಯತೆಯು ಒಂದು ಡಿಗ್ರಿ ಇಳಿದರೆ ಕ್ಯಾಲ್ಸಿಯಂ ಲೀಟರಿಗೆ ಏಳು ಮಿಲಿಗ್ರಾಂ ಮಾತ್ರ ಇಳಿಯುತ್ತದೆ. ೪೧೦ರಲ್ಲಿ ಏಳು ಹೋದರೆ ಲೆಕ್ಕಕ್ಕಿಲ್ಲ. ಎಂಟರಲ್ಲಿ ಒಂದು ಹೋದರೆ ಎಂಟನೆಯ ಒಂದು ಭಾಗವೇ ಹೋದಂತೆ. ದೊಡ್ಡ ಗಂಟಿನಿಂದ ತೆಗೆದ ಕಾಸು ಕಾಣಿಸದು, ಚಿಕ್ಕ ಗಂಟಿನಿಂದ ತೆಗೆದುದು ಆ ಕ್ಷಣವೇ ಕಾಣಿಸುತ್ತದೆ. ಆದುದರಿಂದ ತೊಟ್ಟಿಯ ನಾಡಿ ನೋಡುವವನು ಮೊದಲು ಹಿಡಿಯಬೇಕಾದದ್ದು ಕ್ಷಾರೀಯತೆಯನ್ನು.

ಆ ೧೦೦ ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ ಅರ್ಧ ಡಿಗ್ರಿ ಖರ್ಚಾಗುತ್ತಿದೆಯೆನ್ನೋಣ. ಅದನ್ನು ತುಂಬಲು ಶುದ್ಧವಾದ ಅಡುಗೆ ಸೋಡ ಒಂದೂವರೆ ಗ್ರಾಂ ಸಾಕು. ಒಂದು ವಾರ ಮರೆತರೆ ಎಂಟು ಇದ್ದುದು ನಾಲ್ಕೂವರೆಗೆ ಇಳಿಯುತ್ತದೆ. ಭಾನುವಾರ ನೆನಪಾಗಿ ಹತ್ತೂವರೆ ಗ್ರಾಮನ್ನು ಒಟ್ಟಿಗೆ ಸುರಿದರೆ ಲೆಕ್ಕದ ಪುಸ್ತಕದಲ್ಲಿ ಸಾಲ ತೀರಿತು; ಹವಳದ ತುದಿಗಳು ಮಾತ್ರ ಸುಟ್ಟಂತೆ ಬೆಳ್ಳಗಾಗಬಹುದು. ದಿನಕ್ಕೆ ಒಂದೂವರೆ ಗ್ರಾಮಿನಂತೆ ಏಳು ದಿನ ಕೊಟ್ಟರೂ ಒಟ್ಟು ಹತ್ತೂವರೆ ಗ್ರಾಮೇ. ಮೊತ್ತವೊಂದೇ ಆದರೂ ಫಲ ಬೇರೆ. ದಿನದ ಊಟವನ್ನು ವಾರಕ್ಕೊಮ್ಮೆ ಬಡಿಸುವವರುಂಟೇ? ಎಂಟರಲ್ಲಿ ಸ್ಥಿರವಾಗಿ ನಿಂತ ತೊಟ್ಟಿಯೂ ಒಳ್ಳೆಯದು, ಏಳೂವರೆಯಲ್ಲಿ ಸ್ಥಿರವಾಗಿ ನಿಂತುದೂ ಒಳ್ಳೆಯದು. ಏಳಕ್ಕೂ ಹತ್ತಕ್ಕೂ ನಡುವೆ ತೂಗಾಡುವುದು ಒಳ್ಳೆಯದಲ್ಲ.

ಕ್ಯಾಲ್ಸಿಯಂ ಕಡಿಮೆಯಾದರೆ ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆಯಾಗಿ ಕರಗಿಸಿ ಸೇರಿಸಬೇಕು. ಇದನ್ನೂ ಸೋಡವನ್ನೂ ಒಂದೇ ಕಡೆ, ಒಂದೇ ಸಮಯದಲ್ಲಿ ಹಾಕಿದರೆ ಅವೆರಡೂ ಕೂಡಿ ಬಿಳಿಯ ಸುಣ್ಣವಾಗಿ ತಳಕ್ಕಿಳಿಯುತ್ತವೆ, ಹವಳಕ್ಕೆ ದಕ್ಕುವುದಿಲ್ಲ. ಇವೆರಡೂ ಅಕಾಲದಲ್ಲಿ ಕೂಡಿ ಕಲ್ಲಾಗದಂತೆ ತಡೆಯುವುದೇ ನೀರಿನಲ್ಲಿರುವ ಮೆಗ್ನೀಸಿಯಮಿನ ಕೆಲಸ. ಆದುದರಿಂದ ಅದರ ಅಳತೆಯನ್ನೂ ಆಗಾಗ್ಗೆ ನೋಡಬೇಕು.

ಎರಡು ಕೆಲಸವನ್ನೂ ಒಟ್ಟಿಗೆ ಮಾಡುವ ಸರಳ ಉಪಾಯವೊಂದಿದೆ. ಅದು ಸುಣ್ಣದ ತಿಳಿನೀರು. ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಸುಣ್ಣ ಕರಗುತ್ತದೆ. ಆವಿಯಾದ ನೀರಿಗೆ ಬದಲಾಗಿ ಈ ತಿಳಿಯನ್ನೇ ಹನಿಸಿದರೆ ಕ್ಯಾಲ್ಸಿಯಮೂ ಕ್ಷಾರೀಯತೆಯೂ ಹವಳವು ಬಳಸುವ ಅನುಪಾತದಲ್ಲಿಯೇ ಮರಳಿ ದೊರೆಯುತ್ತವೆ. ಮೈಸೂರಿನ ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಮೂಲತಃ ಇದೇ ವಸ್ತು. ಆದರೆ ಅಂಗಡಿಯ ಸುಣ್ಣದಲ್ಲಿ ಬೆರಕೆಯಿರಬಹುದಾದ್ದರಿಂದ ಪ್ರಯೋಗಶಾಲೆಗೆ ತಕ್ಕ ಶುದ್ಧವಾದ ಸುಣ್ಣವನ್ನೇ ತರಬೇಕು. ತಿಳಿಯು ತೀಕ್ಷ್ಣ ಕ್ಷಾರ. ಕಣ್ಣಿಗೂ ಕೈಗೂ ತಗಲಬಾರದು. ತೊಟ್ಟಿಗೆ ಒಮ್ಮೆಲೇ ಬೀಳಬಾರದು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಆಮ್ಲ, ಕ್ಷಾರ, ಉಷ್ಣ

ನೀರು ಆಮ್ಲವೋ ಕ್ಷಾರವೋ ಎಂಬುದನ್ನು ಪಿ.ಎಚ್. ಎಂಬ ಮಾನದಿಂದ ಅಳೆಯುತ್ತಾರೆ. ಡೆನ್ಮಾರ್ಕಿನ ಸೋರೆನ್‌ಸೆನ್ ೧೯೦೯ರಲ್ಲಿ ಇದನ್ನು ಬಳಕೆಗೆ ತಂದನು. ತೊಟ್ಟಿಯ ನೀರಿನಲ್ಲಿ ಇದು ೮ರಿಂದ ೮.೪ರೊಳಗೆ ಇರುವುದು ಉತ್ತಮ. ಹಗಲಿನಲ್ಲಿ ಪಾಚಿಗಳು ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಪಿ.ಎಚ್. ಏರುತ್ತದೆ, ರಾತ್ರಿಯಲ್ಲಿ ಎಲ್ಲ ಜೀವಿಗಳೂ ಉಸಿರಾಡಿ ಅದನ್ನು ಬಿಡುವುದರಿಂದ ಇಳಿಯುತ್ತದೆ. ಸುಣ್ಣದ ತಿಳಿಯನ್ನು ರಾತ್ರಿಯ ವೇಳೆ ಹನಿಸಬೇಕೆನ್ನುವುದು ಇದರಿಂದಲೇ. ಕಿಟಕಿಗಳನ್ನು ಮುಚ್ಚಿದ ಕೋಣೆಯಲ್ಲಿ ಮನೆಮಂದಿಯೆಲ್ಲ ಮಲಗಿದರೆ ಅವರ ಉಸಿರೂ ತೊಟ್ಟಿಯ ಪಿ.ಎಚ್.ಅನ್ನು ಇಳಿಸುತ್ತದೆ. ಔಷಧ ಹುಡುಕುವ ಮೊದಲು ಕಿಟಕಿಯನ್ನು ತೆರೆಯುವುದು ಜಾಣತನ.

ನೀರಿನ ಉಷ್ಣತೆ ೨೫ರಿಂದ ೨೭ ಡಿಗ್ರಿ ಸೆಲ್ಸಿಯಸ್ ಇರಬೇಕು. ಮೈಸೂರಿನ ಹವೆ ಹಿತವೆಂದು ಪ್ರಸಿದ್ಧವಾದರೂ ಬೇಸಗೆಯ ಹಗಲಿನಲ್ಲಿ ೩೫ರ ಹತ್ತಿರಕ್ಕೆ ಏರುವುದೂ ಚಳಿಗಾಲದ ರಾತ್ರಿಗಳಲ್ಲಿ ೧೬ರ ಸುಮಾರಿಗೆ ಇಳಿಯುವುದೂ ಉಂಟು. ಚಳಿಗೆ ಕಾಯಿಸುವ ಸಾಧನ, ಸೆಕೆಗೆ ಬೀಸಣಿಗೆ ಎರಡೂ ಬೇಕು. ವಿದ್ಯುತ್ತು ನಿಂತಾಗ ಪ್ರಾಣವಾಯು ಕುಂದದಂತೆ ಬ್ಯಾಟರಿಯ ಗಾಳಿಪಂಪೊಂದು ಸಿದ್ಧವಿರಬೇಕು.

ಕಾಣದ ಕಶ್ಮಲ

ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ಘೋರ ವಿಷ. ಕಲ್ಲಿನ ರಂಧ್ರಗಳಲ್ಲಿ ನೆಲೆಸುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಪರಿವಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಅಮೋನಿಯ, ನೈಟ್ರೈಟುಗಳು ಸೊನ್ನೆಗೆ ಬಂದುವೆಂದು ಪರೀಕ್ಷೆಯಿಂದ ತಿಳಿಯುವವರೆಗೆ ಒಂದು ಮೀನನ್ನೂ ಬಿಡಕೂಡದು. ಮನೆ ಕಟ್ಟಿ ಮುಗಿಯುವ ಮೊದಲೇ ಅತಿಥಿಗಳನ್ನು ಕರೆದರೆ ಅವರಿಗೆ ಬಿಸಿಲೂ ಮಳೆಯೂ ತಪ್ಪದು.

ನೈಟ್ರೇಟು ಫಾಸ್ಫೇಟುಗಳು ಸ್ವಲ್ಪ ಇದ್ದರೆ ಪೋಷಣೆ. ಹೆಚ್ಚಿದರೆ ಪಾಚಿಯು ಮೇಲುಗೈಯಾಗಿ ಹವಳವನ್ನು ಮುಚ್ಚುತ್ತದೆ. ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೬೪ರಲ್ಲಿ ಕಟ್ಟಿದ ಕುಕ್ಕರಹಳ್ಳಿ ಕೆರೆಗೆ ಬಡಾವಣೆಗಳ ಕೊಳಚೆ ನೀರು ಹರಿದು ಬಂದ ದಿನಗಳಲ್ಲಿ ಆ ನೀರು ಹಸುರುಗಟ್ಟಿದ್ದನ್ನು ನಗರದವರು ಕಣ್ಣಾರೆ ಕಂಡಿದ್ದಾರೆ. ಅಷ್ಟು ದೊಡ್ಡ ಕೆರೆಯನ್ನೇ ಕೆಡಿಸಿದ ಕಾರಣವು ನೂರು ಲೀಟರಿನ ತೊಟ್ಟಿಯನ್ನು ಬಿಟ್ಟೀತೇ? ಆಹಾರವನ್ನು ಮಿತವಾಗಿ ಹಾಕುವುದು, ಹದಿನೈದು ದಿನಕ್ಕೊಮ್ಮೆ ಹತ್ತನೆಯ ಒಂದು ಭಾಗದಷ್ಟು ನೀರನ್ನು ಬದಲಿಸುವುದು ಇದಕ್ಕೆ ಮದ್ದು.

ದಿನಚರಿ

ಪ್ರತಿದಿನವೂ ನೀರಿನ ಗೆರೆ, ಉಷ್ಣತೆ, ಜೀವಿಗಳ ಚಲನವಲನಗಳನ್ನು ನೋಡಬೇಕು. ವಾರಕ್ಕೆರಡು ಬಾರಿ ಕ್ಷಾರೀಯತೆಯನ್ನೂ, ವಾರಕ್ಕೊಮ್ಮೆ ಲವಣಾಂಶ, ಕ್ಯಾಲ್ಸಿಯಂ, ನೈಟ್ರೇಟು, ಫಾಸ್ಫೇಟುಗಳನ್ನೂ, ತಿಂಗಳಿಗೊಮ್ಮೆ ಮೆಗ್ನೀಸಿಯಮನ್ನೂ ಅಳೆಯಬೇಕು. ಅಳೆಯುವುದು ದಿನದ ಒಂದೇ ಹೊತ್ತಿನಲ್ಲಿ ಆಗಬೇಕು; ಬೆಳಗಿನ ಅಳತೆಯನ್ನು ಸಂಜೆಯ ಅಳತೆಯೊಡನೆ ಹೋಲಿಸಬಾರದು. ಎಲ್ಲವನ್ನೂ ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡಬೇಕು. ಒಂದು ದಿನದ ಅಂಕಿ ಏನನ್ನೂ ಹೇಳದು; ಒಂದು ತಿಂಗಳ ಅಂಕಿಗಳ ಸಾಲು ಎಲ್ಲವನ್ನೂ ಹೇಳುತ್ತದೆ. ಅಳತೆ ಅನಿರೀಕ್ಷಿತವಾಗಿ ಬಂದರೆ ಮೊದಲು ಮತ್ತೊಮ್ಮೆ ಅಳೆಯಬೇಕು, ಅನಂತರ ಕಾರಣವನ್ನು ಹುಡುಕಬೇಕು, ಕೊನೆಗೆ ಕೈಹಾಕಬೇಕು. ಅದೂ ನಿಧಾನವಾಗಿ.

ಒಂದು ಪ್ರಯೋಗ

ತೊಟ್ಟಿಯಿಲ್ಲದ ವಿದ್ಯಾರ್ಥಿಗಳೂ ಈ ಪಾಠದ ಸಾರವನ್ನು ಶಾಲೆಯ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಸಮ್ಮುಖದಲ್ಲಿ ಕಾಣಬಹುದು. ಗಾಜಿನ ಲೋಟದಲ್ಲಿ ಸುಣ್ಣದ ತಿಳಿನೀರನ್ನು ತೆಗೆದುಕೊಂಡು, ಕೊಳವೆಯೊಂದರ ಮೂಲಕ ಅದರೊಳಕ್ಕೆ ಮೆಲ್ಲನೆ ಉಸಿರನ್ನು ಊದಬೇಕು. ನೀರನ್ನು ಬಾಯಿಗೆ ಎಳೆದುಕೊಳ್ಳಬಾರದು. ಸ್ವಲ್ಪ ಹೊತ್ತಿನಲ್ಲಿ ತಿಳಿಯು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳುಪೇ ಕ್ಯಾಲ್ಸಿಯಂ ಕಾರ್ಬೊನೇಟು. ಹವಳವು ಗೂಡು ಕಟ್ಟುವುದು ಅದರಿಂದಲೇ. ಇನ್ನೂ ಊದುತ್ತ ಹೋದರೆ ಆ ಹಾಲು ಮತ್ತೆ ಕರಗಿ ನೀರು ತಿಳಿಯಾಗುತ್ತದೆ. ಮಿತವಾದ ಉಸಿರು ಯಾವುದನ್ನು ಕಟ್ಟಿತೋ ಅಮಿತವಾದ ಉಸಿರು ಅದನ್ನೇ ಕರಗಿಸಿತು.

ಉಪಸಂಹಾರ

ಲೋಟದಲ್ಲಿ ನಡೆದುದು ಇಂದು ಸಾಗರದಲ್ಲಿಯೂ ಬೇರೊಂದು ಪ್ರಮಾಣದಲ್ಲಿ ನಡೆಯುತ್ತಿದೆ. ಕಾರ್ಖಾನೆಗಳೂ ವಾಹನಗಳೂ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಾಗರವು ಹೀರಿಕೊಳ್ಳುತ್ತದೆ. ಕೈಗಾರಿಕೆಗಳು ಬೆಳೆಯುವ ಮೊದಲು ಸುಮಾರು ೮.೨ ಇದ್ದ ಕಡಲಿನ ಪಿ.ಎಚ್. ಈಗ ಸುಮಾರು ೮.೧ಕ್ಕೆ ಇಳಿದಿದೆ. ಅಂಕಿಯಲ್ಲಿ ಸಣ್ಣದಾದ ಈ ಇಳಿಕೆಯಿಂದ ನೀರಿನ ಆಮ್ಲತೆಯು ಶೇಕಡಾ ೨೫ಕ್ಕಿಂತ ಹೆಚ್ಚು ಏರಿದಂತಾಗುತ್ತದೆ. ಇದರೊಡನೆ ಕಡಲು ಬಿಸಿಯಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬ ಮತ್ತು ೨೦೨೪ರಲ್ಲಿ ಹೀಗಾಯಿತು.

ನೂರು ಲೀಟರಿನ ತೊಟ್ಟಿಯಲ್ಲಿ ತಪ್ಪಾದರೆ ತಿದ್ದಲು ಯಜಮಾನನಿದ್ದಾನೆ. ಅವನಲ್ಲಿ ಸೋಡವಿದೆ, ಸುಣ್ಣದ ತಿಳಿಯಿದೆ, ಬೀಸಣಿಗೆಯಿದೆ. ನೇತ್ರಾಣಿಯ ಸುತ್ತಲಿನ ನೀರಿಗೆ ಯಾರೂ ಸೋಡ ಬೆರೆಸಲಾರರು. ಲಕ್ಷದ್ವೀಪದ ಕಡಲಿಗೆ ಯಾರೂ ಬೀಸಣಿಗೆ ಹಿಡಿಯಲಾರರು. ಕಡಲಿನ ಸ್ಥಿರತೆಯು ಯುಗಯುಗಗಳಿಂದ ತಾನಾಗಿಯೇ ಒದಗಿದ್ದುದರಿಂದ ಅದರ ಬೆಲೆಯನ್ನು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಒಂದು ತೊಟ್ಟಿಯ ನೀರನ್ನು ಒಂದು ವರ್ಷ ನೆಮ್ಮದಿಯಿಂದ ಕಾಪಾಡಿದವನಿಗೆ ಆ ಬೆಲೆ ತಿಳಿದಿರುತ್ತದೆ. ಅಂತಹವನು ಮುರುಡೇಶ್ವರದ ತೀರದಲ್ಲಿ ನಿಂತಾಗ ಹವಳದ ತುಣುಕಿಗೆ ಕೈಚಾಚದೆ, ನೀರನ್ನು ನೋಡಿ ಹಿಂದಿರುಗುತ್ತಾನೆ.